ಸುಟ್ಟ ತಂಪು

ಕಲಬುರಗಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ, ಕಲ್ಲಿನ ಗಣಿಗಳು ಶುರುವಾಗುವ ಮೊದಲೇ, ಎಡಗಡೆಗೊಂದು ಉದ್ದನೆಯ ಬಿಳಿ ಕಟ್ಟಡ ಕಾಣುತ್ತದೆ. ಅದು ಅನಿಲ ಸಂಗ್ರಹ ಕೇಂದ್ರ. ಬೀದರಿನಿಂದ ರಾಯಚೂರಿನವರೆಗೆ ಯಾವ ಊರಿನಲ್ಲಿ ಫ್ರಿಜ್ಜು ಕೆಡಲಿ, ಏಸಿ ಕೆಡಲಿ, ಡೇರಿಯ ಶೀತಲ ಯಂತ್ರ ಕೆಡಲಿ, ಅದರೊಳಗಿನ ಅನಿಲವನ್ನು ಸಿಲಿಂಡರಿಗೆ ಎಳೆದುಕೊಂಡು ಇಲ್ಲಿಗೆ ತಂದೊಪ್ಪಿಸಬೇಕು. ಕಾನೂನೇ ಹಾಗಿತ್ತು. ಜಗತ್ತಿನ ದೇಶಗಳೆಲ್ಲ ಕೂಡಿ, ಇಂಥ ಅನಿಲವನ್ನು ಹೊಸದಾಗಿ ತಯಾರಿಸುವ ಕಾರ್ಖಾನೆಗಳನ್ನು ಮುಚ್ಚಿಸಿ ಎಂಟೊಂಬತ್ತು ಬೇಸಿಗೆ ಕಳೆದಿದ್ದವು. ಇನ್ನು ಮುಂದೆ ಭೂಮಿಯ ಮೇಲೆ ಇದ್ದದ್ದು ಎಷ್ಟೋ ಅಷ್ಟೇ. ಇದ್ದುದನ್ನೇ ತೊಳೆದು ಮತ್ತೆ ಬಳಸಬೇಕು, ಇಲ್ಲವೇ ಸುಟ್ಟು ಮುಗಿಸಬೇಕು.

ಈ ಅನಿಲಕ್ಕೆ ಮುಪ್ಪೆಂಬುದಿಲ್ಲ. ಹಿಂಡಿದರೆ ದ್ರವವಾಗುತ್ತದೆ, ಸಡಿಲ ಬಿಟ್ಟರೆ ಆವಿಯಾಗಿ ಸುತ್ತಲಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಲಕ್ಷ ಸಲ ಹಿಂಡಿದರೂ ಸವೆಯುವುದಿಲ್ಲ. ಆದರೆ ಕೊಳವೆಯಿಂದ ಸೋರಿ ಆಕಾಶ ಸೇರಿತೋ, ಮನೆಯೊಳಗೆ ತಂಪು ಕೊಟ್ಟ ಅದೇ ಅನಿಲ ಭೂಮಿಗೆ ಕಂಬಳಿ ಹೊದಿಸುತ್ತದೆ. ಕಲ್ಲಿದ್ದಲು ಸುಟ್ಟಾಗ ಬರುವ ಅನಿಲಕ್ಕಿಂತ ಸಾವಿರ, ಎರಡು ಸಾವಿರ ಪಟ್ಟು ದಪ್ಪ ಕಂಬಳಿ. ಬೇರೆ ಬಗೆಯ ಅನಿಲದಿಂದ ನಡೆಯುವ ಹೊಸ ಯಂತ್ರಗಳು ದೊಡ್ಡ ಶಹರಗಳಿಗೆ ಬಂದಿದ್ದವು. ಕಲಬುರಗಿಯ ಕಡೆ ಜನರ ಕೈಯಲ್ಲಿ ಇನ್ನೂ ಹಳೆಯ ಯಂತ್ರಗಳೇ ಇದ್ದವು.

ಕೇಂದ್ರಕ್ಕೆ ಬಂದ ಸಿಲಿಂಡರುಗಳಲ್ಲಿ ಒಂದೇ ಬಗೆಯ ಅನಿಲವಿದ್ದರೆ ಅದಕ್ಕೆ ನೀಲಿ ಪಟ್ಟಿ. ಎಣ್ಣೆ, ನೀರಿನ ಪಸೆ, ಆಮ್ಲದ ಹುಳಿ ಎಲ್ಲ ತೆಗೆದು ಮತ್ತೆ ಊರಿಗೆ ಕಳಿಸುತ್ತಿದ್ದರು. ನಾಲ್ಕಾರು ಬಗೆ ಕಲೆತುಹೋಗಿದ್ದರೆ ಕೆಂಪು ಪಟ್ಟಿ. ಅದು ನೇರ ಕುಲುಮೆಗೆ.

ಆ ಕುಲುಮೆಯನ್ನು ಕಟ್ಟಿದವಳು ಡಾಕ್ಟರ್ ಜಗದೇವಿ ಕಿಣ್ಣಿ. ವಿದ್ಯುತ್ತಿನ ಕಿಡಿಯನ್ನು ಉದ್ದಕ್ಕೆ ಎಳೆದು ಸಿಡಿಲಿನಷ್ಟು ಬಿಸಿ ಮಾಡಿ, ಅದರೊಳಗೆ ಕಲಬೆರಕೆ ಅನಿಲ ಬಿಟ್ಟು, ಅಣುಅಣು ಹರಿದುಹಾಕುವ ಯಂತ್ರ ಅದು. ಸುಟ್ಟಮೇಲೆ ಬರುವ ಹುಳಿಯನ್ನು ಸುಣ್ಣ ಕುಡಿಯುತ್ತಿತ್ತು. ಕೊನೆಗೆ ಉಳಿಯುವ ಬಿಳಿ ಪುಡಿ ಸುತ್ತಲಿನ ಸಿಮೆಂಟು ಕಾರ್ಖಾನೆಗಳಿಗೆ ಹೋಗುತ್ತಿತ್ತು. ಅವಳು ಅದನ್ನು ಕಟ್ಟುವ ಮೊದಲು ಗುಜರಿಯವರು ಕಲಬೆರಕೆ ಅನಿಲವನ್ನು ಹಾಗೇ ಬುಸ್ಸೆಂದು ಗಾಳಿಗೆ ಬಿಡುತ್ತಿದ್ದರು. ಅದನ್ನು ನಿಲ್ಲಿಸಿದವಳು ತಾನು ಎಂಬುದು ಜಗದೇವಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆಟೋದವರು ಕೂಡ ಆ ಕಟ್ಟಡಕ್ಕೆ "ಜಗದೇವಿ ಮೇಡಂ ಕುಲುಮಿ" ಅನ್ನುತ್ತಿದ್ದರು. ಅನ್ನುವಾಗ ಅವಳು ಕೇಳಿಸದವಳ ಹಾಗೆ ಮುಖ ಆಚೆ ತಿರುಗಿಸಿ ಒಳಗೊಳಗೇ ಹಿಗ್ಗುತ್ತಿದ್ದಳು.

ಇಂದುಮತಿ ಬಂದದ್ದು ಶಿವರಾತ್ರಿ ಕಳೆದ ಮೇಲೆ.

ಇಂದುಮತಿ ಬೀದರಿನವಳು. ವಿಶ್ವವಿದ್ಯಾಲಯದಲ್ಲಿ ಇಬ್ಬರೂ ಹಾಸ್ಟೆಲಿನ ಒಂದೇ ಖೋಲಿಯಲ್ಲಿದ್ದವರು. ಜಗದೇವಿ ಬೆಳಗಿನ ಜಾವಕ್ಕೆ ಎದ್ದು ಓದಿ ಎರಡನೆಯವಳಾಗುತ್ತಿದ್ದಳು, ಇಂದುಮತಿ ಮಧ್ಯಾಹ್ನ ಮಲಗಿ ಎದ್ದು ಮೊದಲನೆಯವಳಾಗುತ್ತಿದ್ದಳು. ಆಮೇಲೆ ಅವಳು ಪುಣೆಯ ಯಾವುದೋ ಪ್ರಯೋಗಾಲಯಕ್ಕೆ ಹೋದಳು, ಮದುವೆ ಮಾಡಿಕೊಳ್ಳಲಿಲ್ಲ, ಪತ್ರ ಫೋನು ಕಡಿಮೆಯಾಗಿ ನಿಂತೇಹೋಯಿತು. ಈಗ ಕೇಂದ್ರದ ನಿರ್ದೇಶಕ ಶಿವಶರಣಪ್ಪ ನಂದೂರರು ಸಭೆಯಲ್ಲಿ ಅವಳನ್ನು ನಿಲ್ಲಿಸಿ, "ಕಲಬೆರಕೆ ಗ್ಯಾಸು ಇನ್ನ ಸುಡೋದು ಬೇಕಾಗಂಗಿಲ್ಲ. ಡಾಕ್ಟರ್ ಇಂದುಮತಿ ಮೇಡಂ ಅದನ್ನ ಬಿಡಿಬಿಡಿಸಿ ಕೊಡ್ತಾರ" ಎಂದಾಗ ಜಗದೇವಿಯ ಎದೆ ಧಸಕ್ಕೆಂದಿತು. ಚಪ್ಪಾಳೆ ತಟ್ಟುವವರಲ್ಲಿ ತಾನೂ ತಟ್ಟಿದಳು.

"ಕ್ವಾರ್ಟರ್ಸಿಗಿ ಇನ್ನೂ ಬಣ್ಣ ಹೊಡೀಲಕತ್ತಾರ. ಅಲ್ಲಿತನಕ ಲಾಡ್ಜಿನ್ಯಾಗ ವ್ಯವಸ್ಥಾ ಮಾಡ್ಬೇಕು" ಎಂದರು ನಂದೂರರು.

"ಲಾಡ್ಜ್ ಯಾಕ್ರಿ ಸರ್? ನಮ್ಮನಿ ಇಲ್ಲೇನು?" ಎಂದಳು ಜಗದೇವಿ. ಹಾಗೆ ಅನ್ನದಿದ್ದರೆ ಚೆನ್ನಾಗಿ ಕಾಣುತ್ತಿರಲಿಲ್ಲ.

ಮನೆ ಬ್ರಹ್ಮಪುರದ ಒಂದು ಓಣಿಯಲ್ಲಿ. ಮನೆಯಲ್ಲಿದ್ದವರು ಗಂಡ ಚನ್ನವೀರ ಮತ್ತು ಅತ್ತೆ ನೀಲಗಂಗಮ್ಮ. ಚನ್ನವೀರ ಹೈಸ್ಕೂಲು ಮಾಸ್ತರ. ಬೇಸಿಗೆಯ ರಜೆಯಲ್ಲಿ ಓಣಿಯ ತಂಪುಮನೆಯ ಮೇಲ್ವಿಚಾರಣೆ ಅವನದೇ. ಬಿಸಿಲು ಮನುಷ್ಯರನ್ನು ಕೊಲ್ಲಲು ಶುರುವಾದ ಮೇಲೆ ಪ್ರತಿ ವಾರ್ಡಿಗೂ ಒಂದರಂತೆ ಸರ್ಕಾರ ಕಟ್ಟಿಸಿದ ದೊಡ್ಡ ಕೋಣೆಗಳವು. ಒಳಗೆ ಏಸಿ, ಚಾಪೆ, ನೀರಿನ ಡ್ರಮ್ಮು. ಹೊತ್ತೇರಿದ ಮೇಲೆ ಮುದುಕರು, ಬಾಣಂತಿಯರು, ಗಾರೆ ಕೆಲಸದವರು ಅಲ್ಲಿ ಸೇರಿ ಇಳಿಹೊತ್ತಿನತನಕ ಇರುತ್ತಿದ್ದರು. ನೀಲಗಂಗಮ್ಮ ರೊಟ್ಟಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ಗೋಡೆಯ ಕಡೆ ಜಾಗ ಹಿಡಿಯುತ್ತಿದ್ದಳು. ಅಲ್ಲಿ ಅವಳ ಚೌಕಾಬಾರದ ಜೊತೆಗಾರ ದಸ್ತಗೀರ್ ಸಾಬರು, ಸಾರಿಗೆ ಬಸ್ಸಿನ ನಿವೃತ್ತ ಡ್ರೈವರು. ಇಬ್ಬರೂ ಕವಡೆ ಎಸೆಯುತ್ತ, ಮೋಸ ಮಾಡುತ್ತ, ಜಗಳಾಡುತ್ತ ಬೇಸಿಗೆ ದಾಟಿಸುತ್ತಿದ್ದರು.

ಇಂದುಮತಿ ಬಂದ ಮೊದಲ ಸಂಜೆಯೇ ನೀಲಗಂಗಮ್ಮ ತಾಟಿಗೆ ಪುಂಡಿಪಲ್ಯ ಬಡಿಸುತ್ತ ಕೇಳಿದಳು. "ಏನವ್ವಾ ತಂಗಿ, ಗ್ಯಾಸು ಸೋಸ್ತೀಯಂತಲ್ಲ, ಹ್ಯಾಂಗ? ಗಾಳಿ ಎಲ್ಲೆರೆ ಜರಡ್ಯಾಗ ನಿಲ್ತದೇನು?"

ಇಂದುಮತಿ ಊಟ ಬಿಟ್ಟೆದ್ದು ಗೋಡೆಗೆ ತೂಗುಹಾಕಿದ್ದ ಹಿಟ್ಟಿನ ಜರಡಿ ತಂದಳು. "ಜ್ವಾಳದ ಹಿಟ್ಟು ಹಿಡದ್ರ ಸಣ್ಣದು ಕೆಳಗ ಬೀಳ್ತದ, ತೌಡು ಮ್ಯಾಲ ನಿಲ್ತದ, ಹೌದಲ್ರಿ? ನನ್ನ ಹತ್ರ ಒಂದು ಪುಡಿ ಅದ. ಅದರ ಮೈತುಂಬ ಕಣ್ಣು. ಎಷ್ಟು ಸಣ್ಣ ಅಂದ್ರ ಗ್ಯಾಸಿನ ಒಂದೊಂದೇ ಕಣ ಹಾಯ್ಬೇಕು. ಒಂದೊಂದು ಗ್ಯಾಸಿನ ಕಣ ಒಂದೊಂದು ದಪ್ಪ. ಸಣ್ಣದು ಮೊದಲು ಹಾಯ್ತದ. ಪುಡಿ ಒಂದೀಟು ಬಿಸಿ ಮಾಡಿದ್ರ ಕಣ್ಣು ಅಗಲ ಆಗ್ತಾವ. ಆಗ ಅದರ ಮುಂದಿಂದು."

"ಮತ್ತ ಕಡೀಗಿ ತೌಡು ಉಳೀತದಲ್ಲ, ಅದು?"

"ಅದಕ್ಕ ನಮ್ಮ ಜಗ್ಗಿ ಕುಲುಮಿ ಅದಲ್ಲ."

ಚನ್ನವೀರ ತೊಡೆ ತಟ್ಟಿ ನಕ್ಕ. "ನಮ್ಮ ಹುಡುಗರಿಗೆ ಹೀಂಗ ಹೇಳಿದ್ರ ಪಾಠ ಒಂದೇ ದಿನಕ್ಕ ತಲೀಗಿ ಇಳೀತದ ನೋಡ್ರಿ" ಎಂದ. ನೀಲಗಂಗಮ್ಮ ಜರಡಿಯನ್ನು ದೀಪಕ್ಕೆ ಹಿಡಿದು, ಆ ತೂತುಗಳ ಮೂಲಕ ಏನೋ ಹೊಸದು ಕಾಣುವವಳ ಹಾಗೆ ನೋಡಿದಳು.

ಕುಲುಮೆ ಕಟ್ಟುವ ಕಾಲದಲ್ಲಿ ಜಗದೇವಿಯೂ ಒಮ್ಮೆ ಗಂಡನಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಅವನು ಅರ್ಧಕ್ಕೇ ನಿದ್ದೆ ಹೋಗಿದ್ದ. ಅತ್ತೆಯಂತೂ ಇಷ್ಟು ವರ್ಷದಲ್ಲಿ "ನಿನ್ನ ಕೆಲಸ ಏನವ್ವಾ" ಎಂದು ಕೇಳಿದವಳಲ್ಲ. ಈಗ ಒಂದು ಹಿಟ್ಟಿನ ಜರಡಿ ಹಿಡಿದು ಇವಳು ಇಬ್ಬರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಳು. ತನ್ನ ಕುಲುಮೆಯ ಪಾಲಿಗೆ ತೌಡು.

ದಿನ ಕಳೆದಂತೆ ಅದು ಬೆಳೆಯಿತು. ಕ್ವಾರ್ಟರ್ಸಿನ ಬಣ್ಣ ಒಣಗಿತು, ನಳ ಬಂತು, ಆದರೂ ನೀಲಗಂಗಮ್ಮ ಇಂದುಮತಿಯನ್ನು ಹೋಗಗೊಡಲಿಲ್ಲ. "ಒಬ್ಬಾಕಿ ಏನು ಮಾಡ್ತಾಳ ಅಲ್ಲಿ? ಇಲ್ಲೇ ಇರ್ಲಿ" ಎಂದಳು. ಬೆಳಿಗ್ಗೆ ಮಂಡಕ್ಕಿಯ ಸುಸಲಾ ಮಾಡಿದರೆ ಮೊದಲ ತಾಟು ಅವಳಿಗೆ. ಸಂಜೆ ಇಬ್ಬರೂ ಕೂಡಿ ಬಂದರೆ ಅತ್ತೆ ಕೇಳುತ್ತಿದ್ದದ್ದು, "ಬಂದೇನು ಇಂದೂ?" ಎಂದು. ಜಗದೇವಿ ಚಪ್ಪಲಿ ಬಿಡುತ್ತ ತನ್ನ ಹೆಸರಿಗಾಗಿ ಒಂದು ಗಳಿಗೆ ಕಾಯುತ್ತಿದ್ದಳು. ಬರುತ್ತಿರಲಿಲ್ಲ. ತನ್ನಂಥ ಓದಿದವಳು, ನಡುವಯಸ್ಸು ದಾಟಿದವಳು, ಇಷ್ಟು ಸಣ್ಣದಕ್ಕೆ ಸಂಕಟಪಡುವುದೇ ಎಂದು ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಸಂಕಟ ಕಡಿಮೆಯಾಗುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರ ಕೇಂದ್ರದಲ್ಲಿ ಜರಡಿಯ ಪರೀಕ್ಷೆ ನಡೆಯಿತು. ಆಳೆತ್ತರದ ಉಕ್ಕಿನ ಕಂಬಗಳು ಸಾಲಾಗಿ ನಿಂತಿದ್ದವು, ಒಳಗೆಲ್ಲ ಆ ಪುಡಿ. ಒಂದು ಕಡೆಯಿಂದ ಆರು ಬಗೆ ಕಲೆತ ಅನಿಲ ಬಿಟ್ಟರು. ಇನ್ನೊಂದು ಕಡೆ ಒಂದರ ಹಿಂದೊಂದು ನಳಿಕೆಯಲ್ಲಿ ಬಿಡಿಬಿಡಿಯಾಗಿ ಬಂತು. ಮಾಪಕದ ಪರದೆಯ ಮೇಲೆ ಒಂದೊಂದು ಅನಿಲಕ್ಕೂ ಒಂದೊಂದು ಗೆರೆ, ಸೂಜಿಯಂತೆ ನೆಟ್ಟಗೆ. ಒಂದರ ಕಾಲಡಿಯೂ ಇನ್ನೊಂದರ ಕಲಬೆರಕೆ ಇಲ್ಲ. ಜಗದೇವಿ ಅದನ್ನು ನೋಡಿದ ಕೂಡಲೇ ತಿಳಿದುಕೊಂಡಳು, ಇದು ಅಪ್ಪಟ ಕೆಲಸ. ಕುಲುಮೆ ಕಟ್ಟುವುದಕ್ಕಿಂತ ಮೊದಲು ಇದೇ ಬೇರ್ಪಡಿಸುವ ಕೆಲಸವನ್ನು ಬೇರೆ ದಾರಿಯಿಂದ ಮಾಡಹೋಗಿ ಅವಳು ವರ್ಷಗಟ್ಟಲೆ ಸೋತಿದ್ದಳು. ಆ ಸೋಲಿನ ಮೇಲೇ ಕುಲುಮೆ ನಿಂತದ್ದು. ಅದು ಬೇರೆಯವರಿಗೆ ಗೊತ್ತಿರಲಿಲ್ಲ.

"ಮೇಡಂ, ಇನ್ನ ನಿಮ್ಮ ಕುಲುಮಿಗಿ ರಜಾ" ಎಂದು ಯಾರೋ ಕೆಲಸಗಾರ ನಗುತ್ತ ಅಂದ. ಎಲ್ಲರೂ ನಕ್ಕರು. ಇಂದುಮತಿಯೂ ನಕ್ಕಳು.

ಜರಡಿಗೆ ದೆಹಲಿಯ ಮಂಜೂರಾತಿ ಬರಬೇಕಿತ್ತು. ಬರುವವರೆಗೆ ಕೆಂಪು ಪಟ್ಟಿಯ ಸಿಲಿಂಡರುಗಳನ್ನು ಸುಡಬೇಕೋ ಇಡಬೇಕೋ ಎಂಬ ತೀರ್ಮಾನ ಮೊದಲಿನಂತೆ ಜಗದೇವಿಯದೇ ಎಂದು ನಂದೂರರು ಹೇಳಿದ್ದರು. ಆ ವಾರವೇ ಯಾದಗಿರಿಯ ಕಡೆಯಿಂದ ಒಂದು ಲಾರಿ ತುಂಬ ಸಿಲಿಂಡರು ಬಂದವು.

ಇಂದುಮತಿ ಮಾದರಿ ತೆಗೆದು ನೋಡಿ ಓಡೋಡಿ ಬಂದಳು. "ಜಗ್ಗಿ, ಇವು ಸುಡಬ್ಯಾಡ. ಕಲಬೆರಕೆ ಅದ, ಆದ್ರ ಸೋಸಿದ್ರ ಮುಕ್ಕಾಲು ಪಾಲು ಛಲೋ ಗ್ಯಾಸ್ ಬರ್ತದ. ಶೆಡ್ಡಿನ್ಯಾಗ ಇಡು, ಮಂಜೂರಿ ಬಂದ ಕೂಡ್ಲೇ ನಾನು ತಗೋತೀನಿ."

"ಬಿಸಿಲು ನೋಡೀದಿಯೇನು? ತಗಡಿನ ಶೆಡ್ಡು. ಒಳಗ ಉರಿಯೋ ಗ್ಯಾಸೂ ಕೂಡ್ಯದ. ಒಂದು ವಾಲ್ವ್ ಸೋರಿದ್ರ ಯಾರು ಜವಾಬ್ದಾರಿ?" ಎಂದಳು ಜಗದೇವಿ. ಮಾತು ಸುಳ್ಳಲ್ಲ. ಆದರೆ ಹಿಂದಿನ ಬೇಸಿಗೆಯಲ್ಲಿ ಕುಲುಮೆ ರಿಪೇರಿಗೆ ನಿಂತಾಗ ಅದೇ ಶೆಡ್ಡಿನಲ್ಲಿ ಅಂಥವೇ ಸಿಲಿಂಡರುಗಳನ್ನು ಒದ್ದೆ ಗೋಣಿ ಹೊದಿಸಿ ಅವಳೇ ತಿಂಗಳುಗಟ್ಟಲೆ ಇರಿಸಿದ್ದಳು.

"ಹಂಗಾದ್ರ ಸುಡ್ತೀ?"

"ನಿಯಮ ಅದ ಇಂದೂ."

ಇಂದುಮತಿ ಅವಳ ಮುಖವನ್ನೇ ಒಂದಿಷ್ಟು ಹೊತ್ತು ನೋಡಿ ಹೊರಟುಹೋದಳು. ಜಗದೇವಿ ಕುಲುಮೆ ಹೊತ್ತಿಸಿದಳು. ಕಿಟಕಿಯ ಕಪ್ಪು ಗಾಜಿನಾಚೆ ನೇರಳೆ ಬೆಳಕು ಎದ್ದು ಗುಂಯ್‌ಗುಟ್ಟತೊಡಗಿದಾಗ ಅವಳಿಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಯಿತು. ಒಂದೊಂದು ಸಿಲಿಂಡರು ಬರಿದಾದಾಗಲೂ, ಇದು ನಿನ್ನ ಜರಡಿಗೆ ಸಿಗಲಿಲ್ಲ, ಇದೂ ಸಿಗಲಿಲ್ಲ ಎಂದು ಒಳಗೊಂದು ದನಿ ಹೇಳುತ್ತಿತ್ತು. ಆ ದನಿ ತನ್ನದೇ ಎಂದು ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ. ನಿಯಮ, ಸುರಕ್ಷತೆ ಎಂದುಕೊಂಡಳು.

ಎರಡನೆಯ ಲಾರಿ ಬಂತು. ಸುಟ್ಟಳು. ಆಮೇಲೆ ಸುರಪುರದ ಕಡೆಯಿಂದ, ಸೇಡಂ ಕಡೆಯಿಂದ. ಇಂದುಮತಿ ಈಗ ಕೇಳಲು ಬರುತ್ತಿರಲಿಲ್ಲ. ದೂರದಲ್ಲಿ ತನ್ನ ಕಂಬಗಳ ಬಳಿ ನಿಂತು ನೋಡುತ್ತಿದ್ದಳು, ಅಷ್ಟೇ. ಮನೆಯಲ್ಲಿ ಇಬ್ಬರೂ ಏನೂ ಆಗಿಲ್ಲವೆಂಬಂತೆ ಮಾತಾಡುತ್ತಿದ್ದರು. ಉಪ್ಪಿನಕಾಯಿ, ಓಣಿಯ ಮದುವೆ, ನಳದ ನೀರು. ಏಪ್ರಿಲ್ ಮುಗಿಯುವ ಹೊತ್ತಿಗೆ ಕೇಂದ್ರದ ಅಂಗಳದಲ್ಲಿ ಕೆಂಪು ಪಟ್ಟಿಯ ಒಂದು ಸಿಲಿಂಡರೂ ಉಳಿದಿರಲಿಲ್ಲ.

ಮೇ ತಿಂಗಳ ಕಾವು ಆ ವರ್ಷ ಹಗಲೂ ಇಳಿಯಲಿಲ್ಲ, ಇರುಳೂ ಇಳಿಯಲಿಲ್ಲ. ಉಷ್ಣಮಾಪಕ ನಲವತ್ತೊಂಬತ್ತಕ್ಕೆ ಏರಿ ಅಲ್ಲೇ ಕೂತಿತು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು, ಬೇವಿನ ಮರದ ಕೆಳಗೆ ಕಾಗೆಗಳು ಸತ್ತು ಬೀಳುತ್ತಿದ್ದವು. ಇಂಥ ಬಿಸಿಲಲ್ಲಿ ಯಂತ್ರಗಳು ಹೊರಗಿನ ಗಾಳಿಗೆ ಬಿಸಿ ಬಿಡಲಾರದೆ ಒಳಗೇ ಒತ್ತಡ ಏರಿಸಿಕೊಳ್ಳುತ್ತವೆ. ಹಳೆಯ ಕೊಳವೆಗಳು ಸೀಳುತ್ತವೆ. ಕೇಂದ್ರದ ನಿಯಂತ್ರಣ ಕೋಣೆಯ ಗೋಡೆಯ ಮೇಲೊಂದು ದೊಡ್ಡ ನಕಾಶೆ ಇತ್ತು. ಒಂದೊಂದು ತಂಪುಮನೆಗೂ ಒಂದೊಂದು ಹಸಿರು ದೀಪ. ಅವು ಒಂದೊಂದಾಗಿ ಕೆಂಪಾಗತೊಡಗಿದವು.

ಮೊದಮೊದಲು ಕೆಂಪಾದದ್ದನ್ನು ಮತ್ತೆ ಹಸಿರು ಮಾಡಿದರು. ಕೊಳವೆ ಬೆಸೆದು, ನೀಲಿ ಪಟ್ಟಿಯ ದಾಸ್ತಾನಿನಿಂದ ಅನಿಲ ತುಂಬಿ ಕಳಿಸಿದರು. ಆಮೇಲೆ ಆಸ್ಪತ್ರೆಗಳು ಕೇಳಿದವು, ರಕ್ತಭಂಡಾರ ಕೇಳಿತು, ಲಸಿಕೆಯ ಕೋಠಿ ಕೇಳಿತು. ದಾಸ್ತಾನು ಬರಿದಾಯಿತು. ಆ ಹೊತ್ತಿಗೆ ದೆಹಲಿಯಿಂದ ಜರಡಿಗೆ ತುರ್ತು ಮಂಜೂರಾತಿಯೂ ಬಂತು. ಆದರೆ ಸೋಸಲು ಏನಿತ್ತು?

ನಂದೂರರು ನಿಯಂತ್ರಣ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೇಳಿದರು. "ಯಾದಗಿರಿ ಲೋಡು ಬಂದಿತ್ತಲ್ಲ, ಅದರಾಗ ಏನೂ ಉಳಿದಿಲ್ಲೇನು?"

"ಸುಟ್ಟೀನ್ರಿ ಸರ್. ಮಂಜೂರಿ ಇರ್ಲಿಲ್ಲ, ನಿಯಮದ ಪ್ರಕಾರ…" ಎಂದಳು ಜಗದೇವಿ.

"ಖರೇ. ನಿಮ್ಮ ತಪ್ಪೇನದ ಇದರಾಗ" ಎಂದರು ನಂದೂರರು. ಅವಳು ಇಂದುಮತಿಯ ಕಡೆ ನೋಡಿದಳು. ಇಂದುಮತಿ ನಕಾಶೆಯ ಕಡೆ ನೋಡುತ್ತಿದ್ದಳು. ಆಗಲೇ ಬ್ರಹ್ಮಪುರದ ದೀಪ ಕೆಂಪಾಯಿತು.

ಆ ಮಧ್ಯಾಹ್ನ ಚನ್ನವೀರ ತಂಪುಮನೆಯಲ್ಲಿದ್ದವರನ್ನೆಲ್ಲ ಮನೆಗೆ ಕಳಿಸಿದ. ಒಳಗೆ ಬಿಟ್ಟರೆ ಉಸಿರುಗಟ್ಟುವ ಹಾಗಿತ್ತು. ನೀಲಗಂಗಮ್ಮನನ್ನು ಮನೆಯ ಬಚ್ಚಲಿನಲ್ಲಿ ಒದ್ದೆ ಸೀರೆ ಸುತ್ತಿ ಕೂರಿಸಿದ. ಪಕ್ಕದ ವಾರ್ಡಿನ ತಂಪುಮನೆಗಳು ಬಾಗಿಲವರೆಗೂ ತುಂಬಿದ್ದವು. ದಸ್ತಗೀರ್ ಸಾಬರು ಅಲ್ಲಿಗೆ ಹೋಗಿ ನಿಂತು, ಜಾಗವಿಲ್ಲದೆ, "ಬಾಣಂತಿ ಹೆಣ್ಮಗಳು ನಿಂತಾಳ, ಆಕೀನ್ನ ಬಿಡ್ರಿ" ಎಂದು ತಮ್ಮ ಸರದಿ ಬಿಟ್ಟುಕೊಟ್ಟು ಮನೆಗೆ ವಾಪಸಾದರಂತೆ. ಮರುದಿನ ಮಧ್ಯಾಹ್ನ ಅವರ ಮಗಳು ಶಮೀನಾ ಹೊಲಿಗೆ ಯಂತ್ರದಿಂದ ಎದ್ದು ನೀರು ಕೊಡಲು ಹೋದಾಗ ಅವರು ಮಂಚದ ಮೇಲೆ ಸುಮ್ಮನೆ ಮಲಗಿದ್ದರು. ಮೈ ಕೆಂಡದಂತಿತ್ತು. ಉಸಿರಿರಲಿಲ್ಲ.

ಜಗದೇವಿ ಮನೆಗೆ ಬಂದಾಗ ನೀಲಗಂಗಮ್ಮ ಬಚ್ಚಲಿನಿಂದ ಹೊರಬರಲು ಒಪ್ಪದೆ ಅಲ್ಲೇ ಕೂತು ಅಳುತ್ತಿದ್ದಳು. "ನಿನ್ನೆ ಹೋಗೋ ಮುಂದ ಸಾಬರು ಹೇಳಿದ್ರು, ನೀಲಮ್ಮಕ್ಕ ನಾಳಿಗಿ ನಿನ್ನ ಕಾಯಿ ಹೊಡೀತೀನಿ ನೋಡು ಅಂತ. ಒಂದು ಕ್ವಾಣಿ, ಒಂದು ಕ್ವಾಣಿ ತಂಪ ಇಡಲಿಕ್ಕಾಗಲಿಲ್ಲೇನು ನಿಮಗ? ಇಷ್ಟು ಮಂದಿ ಕಲ್ತವರಿದ್ದೀರಿ!"

ಅತ್ತೆ ಯಾರನ್ನೂ ಹೆಸರು ಹಿಡಿದು ಅಂದಿರಲಿಲ್ಲ. ಜಗದೇವಿ ಅಡುಗೆಮನೆಗೆ ಹೋಗಿ ನೀರಿನ ಗ್ಲಾಸು ಹಿಡಿದು ಕುಡಿಯದೆ ನಿಂತಳು. ಯಾದಗಿರಿಯ ಲಾರಿ, ನೇರಳೆ ಬೆಳಕು, ಬರಿದಾದ ಸಿಲಿಂಡರುಗಳನ್ನು ಎಣಿಸುವಾಗಿನ ಆ ಸುಖ ಎಲ್ಲ ಕಣ್ಣ ಮುಂದೆ ಬಂತು. ಸುಟ್ಟ ಅನಿಲವನ್ನು ಮರಳಿ ತರುವ ವಿದ್ಯೆ ಯಾರ ಬಳಿಯೂ ಇರಲಿಲ್ಲ. ಅದು ಈಗ ಯಾವುದೋ ಗೋಡೆಯೊಳಗಿನ ಸಿಮೆಂಟು.

ಗ್ಲಾಸು ಕೆಳಗಿಟ್ಟು ಅವಳು ಹಾಗೇ ಕೇಂದ್ರಕ್ಕೆ ಹೊರಟಳು.

ಕುಲುಮೆಯ ಹಿಂದೆ ಒಂದು ದೊಡ್ಡ ಶೀತಲ ಯಂತ್ರವಿತ್ತು. ಸಿಡಿಲಿನಂಥ ಬಿಸಿಗೆ ಕುಲುಮೆಯ ಬಾಯಿಯೇ ಕರಗದಿರಲೆಂದು ಅದರ ಸುತ್ತ ತಣ್ಣೀರು ಹರಿಸುವ ಯಂತ್ರ. ಅದರೊಳಗಿದ್ದದ್ದು ತಂಪುಮನೆಗಳಿಗೆ ಬೇಕಾದ ಅದೇ ಅನಿಲ, ಅಪ್ಪಟವಾದದ್ದು, ಮತ್ತು ಬೇಕಾದಷ್ಟು. ಯಾರಿಗೂ ಅದು ಹೊಳೆದಿರಲಿಲ್ಲ ಎಂದಲ್ಲ. ಆದರೆ ಜಗದೇವಿ ಮೇಡಂ ಕುಲುಮೆಯ ಮೈ ಮುಟ್ಟುವ ಮಾತು ಆಡುವ ಧೈರ್ಯ ಯಾರಿಗಿತ್ತು?

ಅವಳು ತೋಳು ಮಡಚಿ, ಅನಿಲ ಎಳೆಯುವ ಪಂಪನ್ನು ತಳ್ಳಿಕೊಂಡು ಬಂದು, ಯಂತ್ರದ ಕವಾಟಕ್ಕೆ ಪೈಪು ಜೋಡಿಸುತ್ತಿದ್ದಾಗ ಇಂದುಮತಿ ಬಂದಳು.

"ಜಗ್ಗಿ, ತಲಿ ಕೆಟ್ಟದೇನು? ಇದನ್ನ ತಗದ್ರ ಕುಲುಮಿ ನಿಲ್ತದ. ನಾಳಿಗಿ ನನ್ನ ಜರಡ್ಯಾಗ ಉಳಿದ ಗಸಿ ಬಂದ್ರ ಎಲ್ಲಿ ಸುಡ್ಲಿ? ಗಾಳಿಗಿ ಬಿಡ್ಲೇನು?"

"ಗಸಿ ಕಾಯ್ತದ. ಸಿಲಿಂಡರಿನ್ಯಾಗ ಇಟ್ಟು ಒದ್ದೆ ಗೋಣಿ ಹೊದಿಸಿದ್ರ ಕಾಯ್ತದ. ಮಂದಿ ಕಾಯಂಗಿಲ್ಲ. ಆ ಸ್ಪ್ಯಾನರ್ ಕೊಡು."

ಇಂದುಮತಿ ಕೊಟ್ಟಳು. ಪಂಪು ಕಟಕಟ ಎಂದು ನಡೆಯತೊಡಗಿತು. ತಗಡಿನ ಮಾಡಿನ ಕೆಳಗೆ ಇಬ್ಬರ ಬೆವರೂ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮಾಪಕದ ಮುಳ್ಳು ನಿಧಾನಕ್ಕೆ ಇಳಿಯುವುದನ್ನು ನೋಡುತ್ತ ಇಂದುಮತಿ ಕೇಳಿದಳು.

"ಒದ್ದೆ ಗೋಣಿ ಹೊದಿಸಿದ್ರ ಇರ್ತಿತ್ತು ಅಂದ್ಮ್ಯಾಲ ಯಾದಗಿರಿ ಲಾರಿ ಯಾಕ ಸುಟ್ಟಿ?"

ಜಗದೇವಿ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. "ಹೊಟ್ಟೆಕಿಚ್ಚಿಗಿ" ಎಂದಳು. "ನಿನ್ನ ಜರಡಿ ಗೆಲ್ಲೋದು ನೋಡೋ ಶಕ್ತಿ ಇರ್ಲಿಲ್ಲ. ನಮ್ಮತ್ತಿ ನಿನಗ ಮೊದಲ ತಾಟು ಕೊಡೋದು ನೋಡೋದೂ ಆಗ್ತಿರ್ಲಿಲ್ಲ."

ಇಂದುಮತಿ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಜಗದೇವಿ ಅಂದುಕೊಂಡಿದ್ದಳು. ಇಂದುಮತಿ ಎರಡನೆಯ ಸಿಲಿಂಡರನ್ನು ಪೈಪಿಗೆ ಜೋಡಿಸಿ, ತಿರುಪು ಬಿಗಿಮಾಡಿ, ಸೆರಗಿನಿಂದ ಕೈ ಒರೆಸಿಕೊಂಡಳು.

"ನನಗ ಗೊತ್ತಿತ್ತು. ಮೊದಲ್ನೇ ಲಾರಿಗೇ ಗೊತ್ತಾಗಿತ್ತು. ನಂದೂರ ಸರ್ ಹತ್ರ ಹೋಗಿ ಒಂದು ಮಾತು ಅಂದಿದ್ರ ನಿಂತುಬಿಡ್ತಿತ್ತು. ಹೋಗಲಿಲ್ಲ."

"ಯಾಕ?"

"ಸುಡಲಿ, ಎಷ್ಟು ಸುಡ್ತಾಳ ಸುಡಲಿ ಅಂದ್ಕೊಂಡೆ. ಮಂಜೂರಿ ಬಂದ ದಿನ ಎಲ್ಲಾರ ಮುಂದ ತಗದು ತೋರಿಸ್ತೀನಿ, ಈಕಿ ಎಂಥಾಕಿ ಅಂತ. ಅದಕ್ಕ ಕಾಯ್ಕೋತ ಕುಂತೆ." ಬಿಗಿಯಾಗಿದ್ದ ತಿರುಪನ್ನೇ ಅವಳು ಮತ್ತೊಮ್ಮೆ ತಿರುವಿದಳು. "ಊರಾಗ ಆಟೋದವ್ರು ಸೈತ ನಿನ್ನ ಹೆಸರು ಹೇಳ್ತಾರ ಜಗ್ಗಿ. ಸಂಜೀಗಿ ಹೋಗ್ಲಿಕ್ಕೆ ನಿನಗೊಂದು ಮನಿ ಅದ. ನನ್ನ ಹತ್ರ ಏನದ? ಒಂದು ಪುಡಿ. ಅದಕ್ಕೂ ನೀ ಅಡ್ಡ ಬಂದಿ ಅಂತ ಸಿಟ್ಟು. ನಿನ್ನ ಮನ್ಯಾಗೇ ಉಂಡು ನಿನಗೇ ಹಳ್ಳ ತೋಡ್ಲಕತ್ತಿದ್ದೆ."

ಪಂಪು ನಡೆದೇ ಇತ್ತು. ಇಂದುಮತಿಗೆ ತನ್ನ ಮೇಲೆ ಅಸೂಯೆ ಹುಟ್ಟಬಹುದೆಂದು ಹಾಸ್ಟೆಲಿನ ದಿನಗಳಿಂದಲೂ ಜಗದೇವಿ ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲೇ ತಿಳಿದಿದ್ದರೆ ಕುಣಿದಾಡುವಷ್ಟು ಖುಷಿಯಾಗುತ್ತಿತ್ತೇನೋ. ಈಗ ತಿಳಿದಾಗ ದಸ್ತಗೀರ್ ಸಾಬರು ಸರದಿ ಬಿಟ್ಟುಕೊಟ್ಟು ಬಿಸಿಲಲ್ಲಿ ನಡೆದುಹೋದದ್ದಷ್ಟೇ ನೆನಪಾಯಿತು.

ಮುಳ್ಳು ಸೊನ್ನೆಗೆ ಬಂತು. ಸಿಲಿಂಡರುಗಳನ್ನು ವ್ಯಾನಿಗೆ ಏರಿಸಿದರು. ಮರುದಿನ ಹೊತ್ತೇರುವುದರೊಳಗೆ ಬ್ರಹ್ಮಪುರದ ದೀಪ ಹಸಿರಾಯಿತು, ಸಂಜೆಯೊಳಗೆ ಇನ್ನೂ ನಾಲ್ಕಾರು ದೀಪಗಳು ಹಸಿರಾದವು. ಮುಂಗಾರು ಬಂದು ನೆಲ ತಣಿಯುವವರೆಗೆ ಅವು ಹಸಿರಾಗೇ ಇದ್ದವು. ಕುಲುಮೆ ಕಪ್ಪಗೆ ತಣ್ಣಗೆ ನಿಂತಿತ್ತು.

ಊರು ಸುಮ್ಮನಿರಲಿಲ್ಲ. ತನ್ನ ಕುಲುಮೆಯ ಜೀವ ತೆಗೆದು ಊರಿನ ಜೀವ ಉಳಿಸಿದಳು ಎಂದು ಪತ್ರಿಕೆಯಲ್ಲಿ ಜಗದೇವಿಯ ಫೋಟೋ ಬಂತು. ಜರಡಿಯ ಸುದ್ದಿ ಅದೇ ಪುಟದ ಕೆಳಗೆ ಬೆರಳಗಲ ಇತ್ತು. ನೀಲಗಂಗಮ್ಮ ಫೋಟೋ ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿದಳು. ಜಗದೇವಿ ಮರುದಿನವೇ ಅದನ್ನು ಕಿತ್ತುಹಾಕಿದಳು. ಯಾಕೆ ಎಂದು ಅತ್ತೆ ಕೇಳಿದಾಗ ಹೇಳಲಾಗಲಿಲ್ಲ.

ದಸ್ತಗೀರ್ ಸಾಬರ ನಲವತ್ತನೆಯ ದಿನದ ಕಾರ್ಯಕ್ಕೆ ಶಮೀನಾ ಓಣಿಯವರನ್ನೆಲ್ಲ ಕರೆದಿದ್ದಳು. ಜಗದೇವಿ, ಇಂದುಮತಿ ಇಬ್ಬರೂ ಹೋದರು. ಜನ ಕರಗಿದ ಮೇಲೆ ಶಮೀನಾ ಶರಬತ್ತಿನ ಗ್ಲಾಸು ತಂದಿಟ್ಟು, ಜಗದೇವಿಯ ಕೈ ಹಿಡಿದುಕೊಂಡಳು.

"ನೀವಿಲ್ಲಂದ್ರ ಇನ್ನೂ ಎಷ್ಟು ಮಂದಿ ಹೋಗ್ತಿದ್ರೋ ಅಕ್ಕಾ. ಅಬ್ಬಾ ಇದ್ದಿದ್ರ ನಿಮಗ ದುವಾ ಮಾಡ್ತಿದ್ರು."

ಜಗದೇವಿ ಕೈ ಬಿಡಿಸಿಕೊಂಡಳು. "ಹಂಗನಬ್ಯಾಡ ಶಮೀನಾ. ಏಪ್ರಿಲ್ ತಿಂಗಳ್ದಾಗ ತಂಪುಮನಿಗಿ ಬರಬಹುದಿದ್ದ ಗ್ಯಾಸು ನನ್ನ ಹತ್ರ ಇತ್ತು. ಇಟ್ಟುಕೊಂಡು ಆಮ್ಯಾಲ ಸೋಸೋ ದಾರೀನೂ ಇತ್ತು. ಈಕಿ ಮ್ಯಾಲಿನ ಹೊಟ್ಟೆಕಿಚ್ಚಿಗಿ ನಾನು ಎಲ್ಲಾ ಸುಟ್ಟೆ."

"ಸುಡ್ಲಕತ್ತಾಳಂತ ಗೊತ್ತಿದ್ದೂ ನಾ ಸುಮ್ನ ಇದ್ದೆ" ಎಂದಳು ಇಂದುಮತಿ.

ಶಮೀನಾ ಇಬ್ಬರನ್ನೂ ನೋಡಿದಳು. ಅವಳ ಮುಖದಲ್ಲಿ ಮೊದಲು ಅರ್ಥವಾಗದ ಕಳವಳ, ಆಮೇಲೆ ಅರ್ಥವಾದ ಗಟ್ಟಿತನ.

"ಇದನ್ನ ನನಗ್ಯಾಕ ಹೇಳಿದ್ರಿ?" ಎಂದಳು. "ಹೇಳಿ ನಿಮ್ಮ ಎದಿ ಹಗುರ ಮಾಡ್ಕೊಂಡ್ರಿ. ಈಗ ನಾ ಎಲ್ಲಿ ಒಯ್ದು ಇಡ್ಲಿ ಇದನ್ನ?"

ಒಳಗಿನ ಕೋಣೆಯಲ್ಲಿ ಯಾರೋ ಪಾತ್ರೆ ಜೋಡಿಸುವ ಸದ್ದು. ಶಮೀನಾ ಸೆರಗಿನಿಂದ ಕಣ್ಣು ಒತ್ತಿಕೊಂಡು ಎದ್ದು ಬಾಗಿಲ ಬಳಿ ನಿಂತಳು. ಹೊರಡಿರಿ ಎಂದು ಬಾಯಿಬಿಟ್ಟು ಹೇಳಲಿಲ್ಲ.

"ಮಾಫ್ ಮಾಡೋದು ಗೀಡೋದು ನನ್ನಿಂದ ಆಗಂಗಿಲ್ಲ. ಒಂದು ಹೇಳ್ರಿ. ಬರೋ ಬ್ಯಾಸಿಗೀಗಿ ತಂಪುಮನಿ ಮುಚ್ಚತದೋ ಇಲ್ಲೋ?"

ಇಂದುಮತಿ ತಲೆ ತಗ್ಗಿಸಿದಳು. ದಾಸ್ತಾನು ಎಷ್ಟಿದೆ, ಯಂತ್ರಗಳು ಎಷ್ಟು ಹಳೆಯವು, ಜರಡಿ ಈಗಷ್ಟೇ ಕೆಲಸಕ್ಕಿಳಿದಿದೆ, ಎಲ್ಲ ಅವಳಿಗೆ ಗೊತ್ತಿತ್ತು. ಜಗದೇವಿಗೂ ಗೊತ್ತಿತ್ತು.

"ಮುಚ್ಚಂಗಿಲ್ಲ" ಎಂದಳು ಜಗದೇವಿ.

ಓಣಿಗೆ ಇಳಿದಮೇಲೆ ಇಂದುಮತಿ ಅವಳ ತೋಳು ಹಿಡಿದು ನಿಲ್ಲಿಸಿದಳು. "ಹ್ಯಾಂಗ ಮಾತು ಕೊಟ್ಟಿ ನೀನು? ಇರೋ ಗ್ಯಾಸು ಎಷ್ಟಂತ ಗೊತ್ತಿಲ್ಲೇನು? ಯಾ ಧೈರ್ಯದ ಮ್ಯಾಲ ಹೇಳಿದಿ?"

ಮೊದಲ ಪರೀಕ್ಷೆಯ ದಿನ ಆ ಸೂಜಿಯಂಥ ಗೆರೆಗಳನ್ನು ಕಂಡಾಗಲೇ ಜಗದೇವಿ ಆಡಬೇಕಿದ್ದ ಮಾತೊಂದಿತ್ತು.

"ನಿನ್ನ ಜರಡಿ ನಂಬಿ ಹೇಳೀನಿ" ಎಂದಳು. "ಅಂಥಾದ್ದು ನನಗ ಮಾಡ್ಲಿಕ್ಕೆ ಆಗಿರ್ಲಿಲ್ಲ."

ಹೇಳುವಾಗಲೂ ಅವಳ ಹೊಟ್ಟೆಕಿಚ್ಚು ಪೂರ್ತಿ ಆರಿರಲಿಲ್ಲ. ಇಂದುಮತಿಗೆ ಅದು ಕಂಡಿತೋ ಏನೋ. ತೋಳು ಮಾತ್ರ ಬಿಡದೆ, ಕೆಸರು ತಪ್ಪಿಸುತ್ತ, ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆ ಹೊತ್ತಿಗೆ ಕೇಂದ್ರಕ್ಕೆ ಚಿತ್ತಾಪುರದ ಕಡೆಯಿಂದ ಕೆಂಪು ಪಟ್ಟಿಯ ಸಿಲಿಂಡರುಗಳ ಒಂದು ಲಾರಿ ಬರುವುದಿತ್ತು.